‘ರೆಕಮೆಂಡ್’ ಆದಮೇಲೆ ‘ಎಸ್’ ಯಾಕಿಲ್ಲ?

ಯಾವುದಾದರೂ ತನಿಖಾ ಸಮಿತಿ ವರದಿ ಕೊಟ್ಟ ಮರುದಿನದ ಇಂಗ್ಲಿಷ್ ಪತ್ರಿಕೆ ತೆರೆದರೆ ‘ದಿ ಕಮಿಟಿ ಹ್ಯಾಸ್ ರೆಕಮೆಂಡೆಡ್ ದಟ್ ದಿ ಆಫೀಸರ್ ಬಿ ಸಸ್ಪೆಂಡೆಡ್’ ಎಂಬಂಥ ಸಾಲು ಕಣ್ಣಿಗೆ ಬೀಳುತ್ತದೆ. ಆಫೀಸರ್ ಒಬ್ಬನೇ. ಏಕವಚನಕ್ಕೆ ‘ಈಸ್’ ಬರಬೇಕು, ಹಳೆಯ ಸಂಗತಿಯಾದರೆ ‘ವಾಸ್’ ಬರಬೇಕು ಎಂದು ಪ್ರಾಥಮಿಕ ಶಾಲೆಯಿಂದ ಕಲಿತು ಬಂದವರಿಗೆ ಆ ‘ಬಿ’ ಅಚ್ಚಿನ ತಪ್ಪಿನಂತೆ ತೋರುತ್ತದೆ. ‘ದಿ ಡಾಕ್ಟರ್ ರೆಕಮೆಂಡ್ಸ್ ದಟ್ ಹಿ ಟೇಕ್ ರೆಸ್ಟ್’ ಎಂಬ ವಾಕ್ಯವೂ ಹಾಗೆಯೇ. ಹಿ, ಶಿ, ಇಟ್ ಬಂದರೆ ಕ್ರಿಯಾಪದಕ್ಕೆ ‘ಎಸ್’ ಹಚ್ಚಬೇಕೆಂದು ಮೇಷ್ಟರು ಬೆತ್ತ ಹಿಡಿದು ಕಲಿಸಿದ ನಿಯಮ ಇಲ್ಲಿ ಮಾತ್ರ ಎಲ್ಲಿಗೆ ಹೋಯಿತು? ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ರೆಕಮೆಂಡ್, ಸಜೆಸ್ಟ್, ಇನ್ಸಿಸ್ಟ್, ಡಿಮಾಂಡ್, ಪ್ರಪೋಸ್, ರಿಕ್ವೆಸ್ಟ್ ಎಂದು ಒಂದು ಪಟ್ಟಿ ಬರೆಸಿ, ಇವುಗಳಲ್ಲಿ ಯಾವುದಾದರೂ ಬಂದು ಅದರ ಮುಂದೆ ‘ದಟ್’ ಕಂಡರೆ ಕಣ್ಣುಮುಚ್ಚಿ ‘ವಿ-ಒನ್’ ಹಾಕಿ ಎನ್ನುತ್ತಾರೆ. ವಿ-ಒನ್ ಎಂದರೆ ಗೋ, ಟೇಕ್, ಬಿ ಎಂಬ ಮೂಲರೂಪ. ಪಟ್ಟಿಯಿಂದ ಒಂದೆರಡು ಅಂಕ ಸಿಗುವುದು ನಿಜ. ಆದರೆ ಪಟ್ಟಿ ನಂಬಿದವರು ಬೇಗನೆ ಇನ್ನೂ ದೊಡ್ಡ ತಪ್ಪಿಗೆ ಬೀಳುತ್ತಾರೆ. ಕ್ರಿಯಾಪದದ ರೂಪವನ್ನು ಇಲ್ಲಿ ತೀರ್ಮಾನಿಸುವುದು ಹಿಂದೆ ಬಂದ ಪದವೊಂದೇ ಅಲ್ಲ. ‘ದಟ್’ ಆದಮೇಲಿನ ಮಾತು ನಡೆದದ್ದನ್ನು ಹೇಳುತ್ತಿದೆಯೋ, ನಡೆಯಲಿ ಎನ್ನುತ್ತಿದೆಯೋ ಎಂಬುದು ಅದನ್ನು ತೀರ್ಮಾನಿಸುತ್ತದೆ. ಈ ಭೇದವನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಭಾಷೆ ಅದನ್ನು ಇಂಗ್ಲಿಷಿಗಿಂತ ನಿಚ್ಚಳವಾಗಿ ಮಾಡುತ್ತದೆ.

ಪಟ್ಟಿಯ ಒಳಗೇ ಇರುವ ಎರಡು ಪದಗಳನ್ನು ತೆಗೆದುಕೊಂಡರೆ ಸಾಕು. ಮೊದಲನೆಯದು ‘ಸಜೆಸ್ಟ್’. ‘ದಿ ಲೆಟರ್ಸ್ ಸಜೆಸ್ಟ್ ದಟ್ ಹಿ ಲಿವ್ಸ್ ಇನ್ ಧಾರವಾಡ್’ ಎಂದರೆ ಕಾಗದಪತ್ರಗಳನ್ನು ನೋಡಿದರೆ ಅವನು ಧಾರವಾಡದಲ್ಲಿದ್ದಾನೆ ಎಂದು ತೋರುತ್ತದೆ ಎಂಬ ಊಹೆ. ‘ದಿ ಡಾಕ್ಟರ್ ಸಜೆಸ್ಟ್ಸ್ ದಟ್ ಹಿ ಲಿವ್ ಇನ್ ಧಾರವಾಡ್’ ಎಂದರೆ ಅವನು ಧಾರವಾಡದಲ್ಲಿರಲಿ ಎಂಬ ಸಲಹೆ. ಕಾಗದಗಳು ಯಾರಿಗೂ ಸಲಹೆ ಕೊಡುವುದಿಲ್ಲ. ಡಾಕ್ಟರು ಇಲ್ಲಿ ಊಹೆ ಮಾಡುತ್ತಿಲ್ಲ. ಕೋಚಿಂಗ್ ಪಟ್ಟಿಯನ್ನು ಅಕ್ಷರಶಃ ಪಾಲಿಸಿದವನು ‘ದಿ ರಿಪೋರ್ಟ್ ಸಜೆಸ್ಟ್ಸ್ ದಟ್ ದಿ ಬ್ರಿಜ್ ಬಿ ವೀಕ್’ ಎಂದು ಬರೆದರೆ, ಸೇತುವೆ ಶಿಥಿಲವಾಗಿರುವಂತಿದೆ ಎಂದು ಹೇಳಹೊರಟ ವರದಿ ಸೇತುವೆ ಶಿಥಿಲವಾಗಲಿ ಎಂದು ಹಾರೈಸಿದಂತಾಗುತ್ತದೆ. ಎರಡನೆಯದಾದ ‘ಇನ್ಸಿಸ್ಟ್’ ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ಎರಡು ಅರ್ಥಗಳನ್ನೂ ಒಬ್ಬನೇ ಮನುಷ್ಯ ಒಂದೇ ಮೇಜಿನ ಹಿಂದೆ ಕೂತು ಹೇಳಬಹುದು. ‘ದಿ ಮ್ಯಾನೇಜರ್ ಇನ್ಸಿಸ್ಟೆಡ್ ದಟ್ ದಿ ಬಿಲ್ ವಾಸ್ ಪೇಯ್ಡ್’ ಎಂದರೆ ಬಿಲ್ಲು ಪಾವತಿಯಾಗಿದೆ ಎಂದು ಮ್ಯಾನೇಜರು ಪಟ್ಟು ಹಿಡಿದು ಸಾಧಿಸಿದ. ‘ವಾಸ್’ ತೆಗೆದು ‘ಬಿ’ ಹಾಕಿದರೆ ಬಿಲ್ಲನ್ನು ಪಾವತಿ ಮಾಡಲೇಬೇಕು ಎಂದು ಒತ್ತಾಯಿಸಿದ. ಮೊದಲನೆಯದರಲ್ಲಿ ಹಣ ಹೋಗಿದೆ ಎಂಬ ಹೇಳಿಕೆಯಿದೆ, ಎರಡನೆಯದರಲ್ಲಿ ಹಣ ಇನ್ನೂ ಹೋಗಿಲ್ಲ. ಲೆಕ್ಕಪರಿಶೋಧನೆಯ ವರದಿಯಲ್ಲಿ ಈ ಎರಡು ಪದಗಳು ಅದಲುಬದಲಾದರೆ ಸುಳ್ಳು ಹೇಳಿದವನೂ ಒತ್ತಡ ಹೇರಿದವನೂ ಅದಲುಬದಲಾಗುತ್ತಾರೆ. ಕ್ರಿಯಾಪದಗಳಷ್ಟೇ ಅಲ್ಲ, ‘ಇಂಪಾರ್ಟೆಂಟ್’ ಎಂಬ ಸಾಧು ವಿಶೇಷಣವೂ ಈ ಎರಡು ಮುಖಗಳನ್ನು ತೋರಿಸುತ್ತದೆ. ‘ಇಟ್ ಈಸ್ ಇಂಪಾರ್ಟೆಂಟ್ ದಟ್ ಶಿ ಸ್ಪೀಕ್ಸ್ ಕನ್ನಡ’ ಎಂದರೆ ಆಕೆಗೆ ಕನ್ನಡ ಬರುತ್ತದೆ, ಅದು ಗಮನಿಸಬೇಕಾದ ವಿಷಯ. ‘ಶಿ ಸ್ಪೀಕ್ ಕನ್ನಡ’ ಎಂದರೆ ಆಕೆ ಕನ್ನಡ ಮಾತಾಡುವುದು ಅಗತ್ಯ; ಈಗ ಮಾತಾಡುತ್ತಾಳೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಉದ್ಯೋಗದ ಜಾಹೀರಾತಿಗೆ ಎರಡನೆಯದು ಬೇಕು, ಅಭ್ಯರ್ಥಿಯ ಪರವಾಗಿ ಬರೆಯುವ ಪತ್ರಕ್ಕೆ ಮೊದಲನೆಯದು.

ಈಗ ಕನ್ನಡದ ಕಡೆ ತಿರುಗೋಣ. ‘ಅಧಿಕಾರಿಯನ್ನು ಅಮಾನತುಗೊಳಿಸುವಂತೆ ಸಮಿತಿ ಶಿಫಾರಸು ಮಾಡಿದೆ’ ಎಂದು ನಮ್ಮ ವರದಿಗಾರರು ದಿನವೂ ಬರೆಯುತ್ತಾರೆ. ಆ ‘ಅಮಾನತುಗೊಳಿಸುವಂತೆ’ ಎಂಬ ರೂಪದಲ್ಲಿ ಕಾಲ, ಲಿಂಗ, ವಚನ ಯಾವುದರ ಗುರುತೂ ಇಲ್ಲ. ಶಿಫಾರಸು ನಿನ್ನೆ ಮಾಡಿದರೂ ಇವತ್ತು ಮಾಡುತ್ತಿದ್ದರೂ ನಾಳೆ ಮಾಡಿದರೂ ಅದು ಬದಲಾಗುವುದಿಲ್ಲ. ಅಧಿಕಾರಿ ಗಂಡಾದರೂ ಹೆಣ್ಣಾದರೂ ಹತ್ತು ಜನರಾದರೂ ಬದಲಾಗುವುದಿಲ್ಲ. ‘ಅಮಾನತುಗೊಳಿಸಿತು ಎಂದು ಶಿಫಾರಸು ಮಾಡಿತು’ ಎಂದು ಯಾರೂ, ಹೊಸದಾಗಿ ಕೆಲಸಕ್ಕೆ ಸೇರಿದ ವರದಿಗಾರನೂ, ಬರೆಯುವುದಿಲ್ಲ. ಮಾತಿನಲ್ಲಾದರೆ ‘ಅವನು ರೆಸ್ಟ್ ತಗೊಳ್ಳಲಿ ಅಂತ ಡಾಕ್ಟರು ಹೇಳಿದರು’ ಎನ್ನುತ್ತೇವೆ. ‘ತಗೊಳ್ಳಲಿ’ ಎಂಬುದೂ ಅವನು, ಅವಳು, ಅದು, ಅವರು ಎಲ್ಲಕ್ಕೂ ಒಂದೇ. ಸಾಮಾನ್ಯವಾಗಿ ಲಿಂಗವಚನಗಳನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುವ ಕನ್ನಡ ಇಲ್ಲಿ ಅವನ್ನು ಬಿಚ್ಚಿಡುತ್ತದೆ ಎಂಬುದು ಗಮನಾರ್ಹ. ನಡೆಯದ ಕೆಲಸಕ್ಕೆ ಕಾಲವಿಲ್ಲ; ನಡೆಯಲಿ ಎಂಬ ಮಾತಿಗೆ ಕರ್ತೃವಿನ ಲೆಕ್ಕವೂ ಅಷ್ಟಾಗಿ ಬೇಕಿಲ್ಲ. ಇಂಗ್ಲಿಷಿನ ‘ಹಿ ಟೇಕ್’ ಕೂಡ ‘ಎಸ್’ ಕಳಚಿಕೊಂಡು ನಿಲ್ಲುವುದು ಇದೇ ಕಾರಣಕ್ಕೆ.

ಕನ್ನಡ ಶಾಲಾ ವ್ಯಾಕರಣ ‘ತಗೊಳ್ಳಲಿ’ ಎಂಬಂಥ ರೂಪಕ್ಕೆ ವಿಧ್ಯರ್ಥ ಎಂದು ಹೆಸರಿಟ್ಟಿದೆ. ಆಜ್ಞೆ, ಅಪ್ಪಣೆ, ಆಶೀರ್ವಾದ, ಹಾರೈಕೆ ಇವೆಲ್ಲವನ್ನೂ ಅದು ಒಂದೇ ಗುಂಪಿಗೆ ಸೇರಿಸುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇದು ವಿಚಿತ್ರವೆನಿಸುತ್ತದೆ: ‘ಬಾಗಿಲು ಹಾಕು’ ಎಂಬ ಆಜ್ಞೆಗೂ ‘ದೇವರು ಒಳ್ಳೆಯದು ಮಾಡಲಿ’ ಎಂಬ ಹರಕೆಗೂ ಏನು ನಂಟು? ನಂಟು ಇರುವುದು ಎರಡೂ ಇನ್ನೂ ನಡೆಯದ್ದನ್ನು ನಡೆಯುವಂತೆ ತಳ್ಳುವ ಮಾತುಗಳು ಎಂಬಲ್ಲಿ. ಹಳೆಯ ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ, ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀಗೌರಿ’ಯ ‘ಕಾಯೌ’ ವ್ಯಾಕರಣದ ಲೆಕ್ಕದಲ್ಲಿ ಆಜ್ಞೆಯ ರೂಪ. ದೇವಿಯ ಮುಂದೆ ನಿಂತಾಗ ಅದೇ ಪ್ರಾರ್ಥನೆ. ಅದೇ ಕಾಲದಲ್ಲಿ ಬ್ರಿಟಿಷ್ ಸಾಮ್ರಾಜ್ಯ ಹಾಡುತ್ತಿದ್ದ ‘ಗಾಡ್ ಸೇವ್ ದಿ ಕಿಂಗ್’ ಕೂಡ ಹಾಗೆಯೇ ಕಟ್ಟಿದ್ದು. ‘ಸೇವ್ಸ್’ ಎಂದಿದ್ದರೆ ದೇವರು ರಾಜನನ್ನು ಕಾಪಾಡುತ್ತಾನೆ ಎಂಬ ಸುದ್ದಿಯಾಗುತ್ತಿತ್ತು; ‘ಸೇವ್’ ಎಂದಿರುವುದರಿಂದ ಕಾಪಾಡಲಿ ಎಂಬ ಮೊರೆಯಾಯಿತು. ‘ಬಿ ಸೀಟೆಡ್’ ಎಂಬ ಅಪ್ಪಣೆ, ‘ಗಾಡ್ ಸೇವ್’ ಎಂಬ ಹಾರೈಕೆ, ‘ದಟ್ ಹಿ ಬಿ ಸೀಟೆಡ್’ ಎಂಬ ಶಿಫಾರಸು ಮೂರಕ್ಕೂ ಇಂಗ್ಲಿಷ್ ಒಂದೇ ಮೂಲರೂಪವನ್ನು ಬಳಸುತ್ತದೆ. ಹಡ್ಲ್‌ಸ್ಟನ್ ಮತ್ತು ಪುಲಮ್ ಸಂಪಾದಿಸಿ 2002ರಲ್ಲಿ ಹೊರಬಂದ ಕೇಂಬ್ರಿಡ್ಜ್ ಇಂಗ್ಲಿಷ್ ವ್ಯಾಕರಣ ಇದನ್ನು ಖಚಿತವಾಗಿ ಹೇಳಿತು: ವ್ಯಾಕರಣ ಪುಸ್ತಕಗಳು ಈ ‘ನಡೆಯಲಿ’ ಬಳಕೆಗೆ ಕೊಟ್ಟ ಹೆಸರಾದ ಸಬ್‌ಜಂಕ್ಟಿವ್ ಇಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದದ ಬೇರೆಯೇ ಒಂದು ರೂಪವಲ್ಲ, ಅದು ವಾಕ್ಯದ ಒಂದು ಬಗೆಯ ಕಟ್ಟಡ, ಅದರೊಳಗೆ ಕೂರುವುದು ಆಜ್ಞೆಯಲ್ಲಿ ಬರುವ ಅದೇ ಮೂಲರೂಪ. ಸಬ್‌ಜಂಕ್ಟಿವ್ ಎಂಬ ಭಯಂಕರ ಹೆಸರು ಕೇಳಿ ಬೆದರಿದ ವಿದ್ಯಾರ್ಥಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇಲ್ಲ. ಹೊಸ ರೂಪ ಕಲಿಯಬೇಕಿಲ್ಲ. ಶಿಫಾರಸಿನ ಹೊಟ್ಟೆಯಲ್ಲಿ ಒಂದು ಆಜ್ಞೆ ಅಡಗಿದೆ ಎಂದು ಕಂಡರೆ ಸಾಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಟ್ಟರೆ ಓದುಗರು ಮೊದಲ ತಿರುವಿನಲ್ಲೇ ಎಡವುತ್ತಾರೆ. ಕನ್ನಡದಲ್ಲಿ ‘ಅಲಿ’ ಅಥವಾ ‘ಬೇಕು’ ಬಂದಲ್ಲೆಲ್ಲ ಇಂಗ್ಲಿಷಿನಲ್ಲಿ ಮೂಲರೂಪ ಹಾಕಬಹುದೇ? ಇಲ್ಲ. ‘ಮಳೆ ಬರಲಿ ಎಂದು ಆಶಿಸುತ್ತೇನೆ’ ಎಂಬಲ್ಲಿ ‘ಬರಲಿ’ ಇದೆ, ಇಂಗ್ಲಿಷ್ ಮಾತ್ರ ‘ಐ ಹೋಪ್ ಇಟ್ ರೇನ್ಸ್’ ಎಂದು ‘ಎಸ್’ ಸಮೇತ ಹೇಳುತ್ತದೆ. ‘ಅವನು ಹೋಗಬೇಕು ಅಂತ ನನಗನಿಸುತ್ತದೆ’ ಎಂಬುದಕ್ಕೆ ‘ಐ ಥಿಂಕ್ ಹಿ ಶುಡ್ ಗೋ’ ಎನ್ನಬೇಕು. ‘ಐ ಥಿಂಕ್ ಹಿ ಗೋ’ ಎಂದರೆ ಬರೀ ತಪ್ಪು. ‘ವಿಶ್’ ಎಂಬ ಪದ ತನ್ನದೇ ದಾರಿ ಹಿಡಿದು ‘ವರ್’ ಎಂಬ ಭೂತರೂಪವನ್ನು ಬೇಡುತ್ತದೆ. ಅಂದರೆ ಕನ್ನಡದ ಪರೀಕ್ಷೆ ಅರ್ಧ ಮಾತ್ರ. ಇನ್ನರ್ಧವೆಂದರೆ, ಹಿಂದಿನ ಪದದಲ್ಲಿ ಒತ್ತಡವಿರಬೇಕು. ರೆಕಮೆಂಡ್ ಮಾಡುವವನು, ಡಿಮಾಂಡ್ ಮಾಡುವವನು, ಆರ್ಡರ್ ಮಾಡುವವನು, ಸಭೆಯಲ್ಲಿ ಎದ್ದು ನಿಂತು ‘ಐ ಮೂವ್ ದಟ್’ ಎಂದು ಠರಾವು ಮಂಡಿಸುವವನು, ಇವರೆಲ್ಲ ಇನ್ನೊಬ್ಬರ ಕೈಯಿಂದ ಏನನ್ನೋ ಮಾಡಿಸಲು ಹೊರಟವರು. ಆಶಿಸುವವನು, ಅಂದುಕೊಳ್ಳುವವನು ಯಾರನ್ನೂ ತಳ್ಳುವುದಿಲ್ಲ; ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುತ್ತಾನೆ. ಎಸೆನ್ಶಿಯಲ್, ವೈಟಲ್, ನೆಸೆಸರಿ ಎಂಬ ವಿಶೇಷಣಗಳಲ್ಲೂ, ಕಂಡಿಷನ್, ರೆಕಮೆಂಡೇಶನ್ ಎಂಬ ನಾಮಪದಗಳಲ್ಲೂ ಅದೇ ಒತ್ತಡವಿದೆ, ಆದ್ದರಿಂದ ಅವುಗಳ ಮುಂದೆಯೂ ಮೂಲರೂಪ ಬರುತ್ತದೆ. ಹಾಗಾದರೆ ಪಟ್ಟಿ ಬೇಕೇ ಬೇಕಾಯಿತಲ್ಲ ಎಂದು ಕೇಳಬಹುದು. ಬೇಕು, ಆದರೆ ಪಟ್ಟಿ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಒಳಗಿರುವುದು ಸುದ್ದಿಯೋ ಒತ್ತಾಯವೋ ಎಂದು ನೋಡುವ ಕೆಲಸ ಉಳಿದೇ ಇರುತ್ತದೆ.

ಈ ರೂಪ ಇಷ್ಟು ಅಪರೂಪವಾಗಿ, ಇಷ್ಟು ಗೊಂದಲವಾಗಿ ಕಾಣುವುದಕ್ಕೆ ಇತಿಹಾಸ ಕಾರಣ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳುವ ರೂಪಕ್ಕೂ ನಡೆಯಲಿ ಎನ್ನುವ ರೂಪಕ್ಕೂ ಬಹುಮಟ್ಟಿಗೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಕೇಳಿದವರಿಗೆ ಅನುಮಾನಕ್ಕೆ ಅಷ್ಟಾಗಿ ಎಡೆಯಿರಲಿಲ್ಲ. ಮುಂದಿನ ಶತಮಾನಗಳಲ್ಲಿ ಇಂಗ್ಲಿಷಿನ ಪದಾಂತ್ಯಗಳು ಒಂದೊಂದಾಗಿ ಸವೆದು ಉದುರಿದವು. ಐ, ಯು, ವಿ, ದೆ ಎಂಬ ಕರ್ತೃಗಳ ಜತೆ ಎರಡೂ ರೂಪಗಳು ಒಂದಾಗಿಹೋದವು. ‘ಐ ರೆಕಮೆಂಡ್ ದಟ್ ದೆ ಟೇಕ್ ರೆಸ್ಟ್’ ಎಂಬ ವಾಕ್ಯದಲ್ಲಿ ‘ಟೇಕ್’ ಯಾವ ಜಾತಿಯದ್ದು ಎಂದು ಇವತ್ತು ಯಾರೂ ಕಣ್ಣಿನಿಂದ ಗುರುತಿಸಲಾರರು. ಉಳಿದ ಗುರುತು ನಾಲ್ಕೇ ಜಾಗಗಳಲ್ಲಿ: ಹಿ, ಶಿ, ಇಟ್ ಬಂದಾಗ ಕಾಣೆಯಾಗುವ ‘ಎಸ್’, ಎಲ್ಲ ಕರ್ತೃಗಳಿಗೂ ಬರುವ ‘ಬಿ’, ಹಿಂದಿನ ವಾಕ್ಯ ಭೂತಕಾಲದಲ್ಲಿದ್ದರೂ ಮುಂದಿನದು ಜಗ್ಗದೆ ನಿಲ್ಲುವುದು, ಮತ್ತು ‘ಡು’ ಇಲ್ಲದೆ ಬರುವ ‘ನಾಟ್’. ಇಷ್ಟು ಸಣ್ಣ ಜಾಗದಲ್ಲಿ ಬದುಕಿರುವ ವ್ಯಾಕರಣ ಮಕ್ಕಳ ಕಿವಿಗೆ ಬೀಳುವುದೇ ಅಪರೂಪ. ಉಳಿದದ್ದು ನುಡಿಗಟ್ಟುಗಳಲ್ಲಿ ಕಲ್ಲಾಗಿ ಕೂತಿದೆ. ‘ಕಮ್ ವಾಟ್ ಮೇ’, ‘ಸಫೈಸ್ ಇಟ್ ಟು ಸೇ’, ‘ಲಾಂಗ್ ಲಿವ್’ ಅಂಥವು. ನಮ್ಮ ಸಂಸತ್ತಿನ ಪ್ರತಿಯೊಂದು ಅಧಿನಿಯಮದ ನೆತ್ತಿಯ ಮೇಲೂ ‘ಬಿ ಇಟ್ ಎನಾಕ್ಟೆಡ್ ಬೈ ಪಾರ್ಲಿಮೆಂಟ್’ ಎಂಬ ಸಾಲು ಇರುತ್ತದೆ; ಅದರ ‘ಬಿ’ ಇದೇ ವಂಶದ್ದು. ಕರ್ನಾಟಕದ ಕಾಯ್ದೆಗಳ ಕನ್ನಡ ಪಾಠದಲ್ಲಿ ಅದೇ ಜಾಗಕ್ಕೆ ‘ಅಧಿನಿಯಮಿತವಾಗತಕ್ಕದ್ದು’ ಎಂಬ ಮಾತು ಬರುತ್ತದೆ. ಗಡಸಾಗಿದ್ದರೂ ಕೆಲಸ ಸರಿಯಾಗಿ ಮಾಡುವ ಕನ್ನಡ ಅದು.

ಪ್ರತ್ಯಯ ಕಳೆದುಕೊಂಡ ಭಾಷೆ ಅದರ ಕೆಲಸವನ್ನು ಸಹಾಯಕ ಕ್ರಿಯಾಪದಗಳಿಗೆ ವಹಿಸಿತು. ಹಾಗೆ ಬಂದದ್ದು ‘ಶುಡ್’. ‘ರೆಕಮೆಂಡ್ ದಟ್ ಹಿ ಶುಡ್ ಟೇಕ್ ರೆಸ್ಟ್’ ಎಂಬುದು ಬ್ರಿಟನ್ನಿನಲ್ಲಿ ಎಷ್ಟು ಬೇರೂರಿತೆಂದರೆ, ಹೆನ್ರಿ ಫೌಲರ್ 1926ರಲ್ಲಿ ತಮ್ಮ ಪ್ರಸಿದ್ಧ ಬಳಕೆಯ ನಿಘಂಟನ್ನು ಪ್ರಕಟಿಸಿದಾಗ ಸಬ್‌ಜಂಕ್ಟಿವ್ ಸಾಯುವ ಹಂತದಲ್ಲಿದೆ ಎಂದು ಬರೆದರು. ಬ್ರಿಟಿಷ್ ಬರಹವನ್ನಷ್ಟೇ ನೋಡಿದವರಿಗೆ ಅದು ನ್ಯಾಯವಾದ ತೀರ್ಪೇ. ವಿಚಿತ್ರವೆಂದರೆ ಅದೇ ದಶಕಗಳಲ್ಲಿ ಅಟ್ಲಾಂಟಿಕ್‌ನ ಆಚೆ ಅಮೆರಿಕದಲ್ಲಿ, ಶಿಫಾರಸು ಮತ್ತು ಬೇಡಿಕೆಯ ವಾಕ್ಯಗಳಲ್ಲಿ, ಈ ಮೂಲರೂಪ ಎದ್ದು ಕೂರುತ್ತಿತ್ತು. ಇದು ಊಹೆಯ ಮಾತಲ್ಲ, ಎಣಿಸಿ ನೋಡಿದ್ದು. ಬ್ರೌನ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಮತ್ತು ಕುಚೆರಾ 1961ರಲ್ಲಿ ಅಚ್ಚಾದ ಅಮೆರಿಕನ್ ಬರಹಗಳಿಂದ ಸುಮಾರು 2000 ಪದಗಳ 500 ತುಣುಕುಗಳನ್ನು ಆಯ್ದು ಹತ್ತು ಲಕ್ಷ ಪದಗಳ ಭಂಡಾರ ಕಟ್ಟಿದರು. ಅದೇ ಅಚ್ಚಿನಲ್ಲಿ, ಅದೇ ವರ್ಷದ ಬ್ರಿಟಿಷ್ ಬರಹಗಳ ಇನ್ನೊಂದು ಭಂಡಾರ ಲ್ಯಾಂಕಾಸ್ಟರ್, ಓಸ್ಲೋ, ಬೆರ್ಗೆನ್ ವಿಶ್ವವಿದ್ಯಾಲಯಗಳ ಕೂಟದಿಂದ ಸಿದ್ಧವಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಚಿತ್ರ ಸ್ಪಷ್ಟವಾಯಿತು: ಶಿಫಾರಸಿನಂಥ ಪದಗಳ ಮುಂದೆ ಅಮೆರಿಕನ್ನರು ಬಹುಪಾಲು ‘ಬಿ’, ‘ಟೇಕ್’ ಎಂಬ ಮೂಲರೂಪವನ್ನೇ ಬರೆದಿದ್ದರು, ಬ್ರಿಟಿಷರು ಬಹುಪಾಲು ‘ಶುಡ್’ ಬರೆದಿದ್ದರು. 1990ರ ದಶಕದ ಆರಂಭದ ಬರಹಗಳಿಂದ ಮತ್ತೆ ಅದೇ ಮಾದರಿಯ ಭಂಡಾರಗಳನ್ನು ಕಟ್ಟಿ ನೋಡಿದಾಗ ಬ್ರಿಟಿಷರ ಬರಹದಲ್ಲೂ ಮೂಲರೂಪ ಏರಿತ್ತು. ಸ್ವೀಡನ್ನಿನ ಗೆರ್ಡ್ ಓವರ್‌ಗಾರ್ಡ್ 1995ರಲ್ಲಿ ಇಡೀ 20ನೆಯ ಶತಮಾನವನ್ನು ಹಿಂಬಾಲಿಸಿ ಒಂದು ಪುಸ್ತಕವನ್ನೇ ಬರೆದರು. ಸಾಯುತ್ತಿದೆ ಎಂದು ಘೋಷಿಸಿದ ವ್ಯಾಕರಣ ರೂಪವೊಂದು ಹೀಗೆ ಮರಳಿ ಬರುವುದು ಭಾಷೆಗಳ ಚರಿತ್ರೆಯಲ್ಲಿ ಅಪರೂಪ; ಫೌಲರ್ ಅವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ.

ಇಲ್ಲಿಗೆ ಬಂದ ಮೇಲೆ ಓದುಗರು ಕೇಳುವ ಪ್ರಶ್ನೆ ಸಹಜ: ಇಂಗ್ಲೆಂಡಿನವರೇ ‘ಶುಡ್’ ಬಳಸುತ್ತಾರೆ, ಕೆಲವೊಮ್ಮೆ ‘ದಿ ಕಮಿಟಿ ರೆಕಮೆಂಡ್ಸ್ ದಟ್ ಹಿ ಈಸ್ ಸಸ್ಪೆಂಡೆಡ್’ ಎಂದೂ ಬರೆಯುತ್ತಾರೆ, ಹೀಗಿರುವಾಗ ನಮಗೇಕೆ ಈ ಅಮೆರಿಕದ ಶಿಸ್ತು? ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ಶುಡ್’ ತಪ್ಪಲ್ಲ; ನಮ್ಮ ಸಂವಿಧಾನದ 340ನೆಯ ವಿಧಿ ಹಿಂದುಳಿದ ವರ್ಗಗಳ ಆಯೋಗ ಶಿಫಾರಸು ಮಾಡಬೇಕಾದ ಕ್ರಮಗಳ ಬಗ್ಗೆ ಹೇಳುವಾಗಲೂ ‘ಶುಡ್’ ಎಂದೇ ಬರೆದಿದೆ. ಮಾತಿನಲ್ಲಿ ಅನುಮಾನ ಬಂದಾಗ ‘ಶುಡ್’ ಹಿಡಿದರೆ ಯಾರೂ ನಗುವುದಿಲ್ಲ, ಅರ್ಥವೂ ಕೆಡುವುದಿಲ್ಲ. ಆದರೆ ಜಿಮ್ಯಾಟ್‌ ಎಂಬ ಅಮೆರಿಕದ ಪ್ರವೇಶ ಪರೀಕ್ಷೆಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳಿದ್ದ ಕಾಲದಲ್ಲಿ ಅದರ ತಯಾರಿ ಪುಸ್ತಕಗಳು ‘ಶುಡ್’ ಇರುವ ಉತ್ತರವನ್ನು ತಪ್ಪೆಂದು ಹೊಡೆದು ಹಾಕುತ್ತಿದ್ದುದುಂಟು. ಅಲ್ಲಿಗೆ ಹೊರಟವರು ಆ ಆಟದ ನಿಯಮವನ್ನು ತಿಳಿದಿರಬೇಕಿತ್ತು. ಎರಡನೆಯ ಅರ್ಧ, ಅಂದರೆ ‘ಈಸ್’ ಕೂಡ ಸರಿ ಎಂಬುದು, ಕಾಗದಪತ್ರದ ಇಂಗ್ಲಿಷಿಗೆ ಹೊಂದುವುದಿಲ್ಲ. ‘ರೆಕಮೆಂಡ್’ ಎಂಬುದರ ಮುಂದೆ ‘ಈಸ್’ ಬಂದರೆ ಗೊಂದಲ ಅಷ್ಟಾಗಿ ಆಗದು, ಏಕೆಂದರೆ ರೆಕಮೆಂಡ್‌ಗೆ ಒಂದೇ ಮುಖ. ಆದರೆ ಒಮ್ಮೆ ಆ ಅಭ್ಯಾಸ ಬಿದ್ದರೆ ಕೈ ಅದನ್ನೇ ‘ಇನ್ಸಿಸ್ಟ್’ ಮತ್ತು ‘ಸಜೆಸ್ಟ್’ ಮುಂದೆಯೂ ಬರೆಯುತ್ತದೆ, ಅಲ್ಲಿ ಬಿಲ್ಲಿನ ಕತೆ ಶುರುವಾಗುತ್ತದೆ. ಬ್ರಿಟನ್ನಿನ ಓದುಗನಿಗೆ ಸಂದರ್ಭ, ಧ್ವನಿ, ಹುಟ್ಟಿನಿಂದ ಬಂದ ಕಿವಿ ಇವು ಅರ್ಥ ಹಿಡಿದುಕೊಡುತ್ತವೆ. ಬೆಂಗಳೂರಿನಲ್ಲಿ ಒಬ್ಬ ಬರೆದು ದೆಹಲಿಯಲ್ಲಿ ಇನ್ನೊಬ್ಬ ಓದಿ ಚೆನ್ನೈನಲ್ಲಿ ಮತ್ತೊಬ್ಬ ಆದೇಶ ಹೊರಡಿಸುವ ನಮ್ಮ ವ್ಯವಹಾರದಲ್ಲಿ, ಮೂವರಿಗೂ ಇಂಗ್ಲಿಷ್ ಕಲಿತ ಭಾಷೆ. ಅಲ್ಲಿ ಕಾಗದವೇ ಅರ್ಥ ಹೇಳಬೇಕು.

ನಮ್ಮ ಕಚೇರಿಗಳು ಮಾತ್ರ ಮೂಲರೂಪವನ್ನೂ ‘ಶುಡ್’ ಅನ್ನೂ ಬದಿಗಿಟ್ಟು ಮೂರನೆಯ ದಾರಿ ಹಿಡಿದಿವೆ. ಅದು ‘ಮೇ’. ‘ಇಟ್ ಈಸ್ ರಿಕ್ವೆಸ್ಟೆಡ್ ದಟ್ ಲೀವ್ ಮೇ ಕೈಂಡ್ಲಿ ಬಿ ಗ್ರಾಂಟೆಡ್’ ಎಂದು ರಜೆ ಅರ್ಜಿಯಲ್ಲಿ, ‘ದಿ ಪ್ರಪೋಸಲ್ ಮೇ ಬಿ ಅಪ್ರೂವ್ಡ್’ ಎಂದು ಕಡತದ ಟಿಪ್ಪಣಿಯಲ್ಲಿ, ‘ದಿಸ್ ಆನರಬಲ್ ಕೋರ್ಟ್ ಮೇ ಬಿ ಪ್ಲೀಸ್ಡ್ ಟು’ ಎಂದು ನ್ಯಾಯಾಲಯದ ಪ್ರಾರ್ಥನೆಯಲ್ಲಿ ಅದು ದಿನವೂ ಬರುತ್ತದೆ. ಇದನ್ನು ಭಾರತದ ಗುಮಾಸ್ತರ ಕೆಟ್ಟ ಇಂಗ್ಲಿಷ್ ಎಂದು ಹೀಗಳೆಯುವ ಪರಿಪಾಠವಿದೆ. ನನಗೆ ಆ ತಾತ್ಸಾರ ಹಿಡಿಸುವುದಿಲ್ಲ. ಪ್ರಾರ್ಥನೆ, ಹಾರೈಕೆಗಳಲ್ಲಿ ‘ಮೇ’ ಬಳಸುವುದು ಹಳೆಯ ಇಂಗ್ಲಿಷ್ ಬರಹದಲ್ಲೂ ಇದ್ದದ್ದೇ. ದೊಡ್ಡವರ ಎದುರು ಮೂಲರೂಪದ ಬೆತ್ತಲೆ ಆಜ್ಞೆಯನ್ನು ಹೇಳಲಾಗದ ಸಂಕೋಚ ಅದಕ್ಕೆ ನಮ್ಮಲ್ಲಿ ಇನ್ನಷ್ಟು ಜೀವ ಕೊಟ್ಟಿತು. ಕನ್ನಡ ಕಡತಗಳ ‘ಮಂಜೂರು ಮಾಡಬಹುದಾಗಿದೆ’ ಎಂಬ ನುಡಿಯಲ್ಲೂ ಅದೇ ಸಂಕೋಚವಿದೆ. ಕೆಳಗಿನವನು ಮೇಲಿನವನಿಗೆ ಮಾಡಿ ಎನ್ನುವಂತಿಲ್ಲ, ಮಾಡಬಹುದು ಎನ್ನಬೇಕು. ಬೇಡಿಕೊಳ್ಳುವ ಕಡೆ ‘ಮೇ’ ಇರಲಿ. ಆದರೆ ಶಿಫಾರಸಿನ ಕಡೆ ಅದು ಬಂದಾಗ ಮಾತು ಸಡಿಲವಾಗುತ್ತದೆ. ‘ದಿ ಕಮಿಟಿ ರೆಕಮೆಂಡ್ಸ್ ದಟ್ ದಿ ಕಾಂಟ್ರಾಕ್ಟರ್ ಮೇ ಬಿ ಬ್ಲ್ಯಾಕ್‌ಲಿಸ್ಟೆಡ್’ ಎಂದರೆ ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸಿ ಎಂದೋ, ಸೇರಿಸಲು ಅಡ್ಡಿಯಿಲ್ಲ, ಬೇಕಾದರೆ ಸೇರಿಸಿ ಎಂದೋ? ಗುತ್ತಿಗೆದಾರನ ವಕೀಲ ಎರಡನೆಯ ಅರ್ಥವನ್ನೇ ಹಿಡಿದು ವಾದಿಸಿದರೆ ಆಶ್ಚರ್ಯವಿಲ್ಲ. ‘ಮೇ’ ತೆಗೆದು ‘ಬಿ ಬ್ಲ್ಯಾಕ್‌ಲಿಸ್ಟೆಡ್’ ಎಂದಷ್ಟೇ ಬರೆದರೆ ವಾದ ಅಲ್ಲಿಗೇ ಮುಗಿಯುತ್ತದೆ. ಭಾರತದ ಶಾಲೆಗಳಲ್ಲಿ ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಮೂಲರೂಪದ ಈ ಬಳಕೆಯನ್ನು ಉದಾಹರಣೆ ಸಮೇತ ಕೊಟ್ಟಿದೆ, ಆದರೆ ಕೆಲವೇ ಸಾಲುಗಳಲ್ಲಿ. ಶಾಲೆಯ ಪರೀಕ್ಷೆಗೆ ಬಾರದೆಂದು ಬಹುತೇಕ ತರಗತಿಗಳು ಆ ಪುಟವನ್ನು ಮಗುಚಿ ಮುಂದೆ ಹೋಗುತ್ತವೆ.

‘ದಟ್’ ಇಲ್ಲದೆ ಹೇಳುವ ದಾರಿಗಳನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಕನ್ನಡಿಗರ ತಪ್ಪುಗಳಲ್ಲಿ ದೊಡ್ಡ ಪಾಲು ಅಲ್ಲೇ ಇದೆ. ‘ಡಾಕ್ಟರ್ ಸಜೆಸ್ಟೆಡ್ ಮಿ ಟು ಟೇಕ್ ರೆಸ್ಟ್’, ‘ಸಜೆಸ್ಟ್ ಮಿ ಎ ಗುಡ್ ಹೋಟೆಲ್’ ಎಂಬವು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತವೆ. ಹಿಂದಿರುವುದು ಕನ್ನಡದ ಚತುರ್ಥೀ: ನನಗೆ ಹೇಳಿದರು, ನನಗೆ ತಿಳಿಸಿ, ನನಗೆ ಸಲಹೆ ಕೊಡಿ. ಆ ‘ನನಗೆ’ಯನ್ನು ಹಾಗೇ ‘ಮಿ’ ಮಾಡಿದಾಗ ‘ಟೆಲ್’ ಮತ್ತು ‘ಅಡ್ವೈಸ್’ ಒಪ್ಪಿಕೊಳ್ಳುತ್ತವೆ, ‘ಸಜೆಸ್ಟ್’ ಒಪ್ಪುವುದಿಲ್ಲ. ‘ಅಡ್ವೈಸ್ಡ್ ಮಿ ಟು ಟೇಕ್ ರೆಸ್ಟ್’ ಸರಿ; ‘ಸಜೆಸ್ಟ್’ ಬೇಕೆಂದರೆ ‘ದಟ್ ಐ ಟೇಕ್ ರೆಸ್ಟ್’ ಎನ್ನಬೇಕು, ಇಲ್ಲವೇ ‘ಸಜೆಸ್ಟೆಡ್ ಟೇಕಿಂಗ್ ರೆಸ್ಟ್’ ಎನ್ನಬೇಕು. ‘ರೆಕಮೆಂಡ್’ ಇವೆರಡರ ನಡುವೆ ನಿಂತಿದೆ: ‘ರೆಕಮೆಂಡ್ ಟೇಕಿಂಗ್’ ಎಲ್ಲೆಡೆ ನಡೆಯುತ್ತದೆ, ‘ರೆಕಮೆಂಡ್ ಯು ಟು ಟೇಕ್’ ಎಂಬುದಕ್ಕೆ ಬ್ರಿಟಿಷ್ ನಿಘಂಟುಗಳಲ್ಲಿ ಜಾಗವಿದೆ, ಅಮೆರಿಕದ ಕಿವಿಗೆ ಅದು ಒಗ್ಗದು. ‘ರಿಕ್ವೈರ್’ ಎರಡನ್ನೂ ಸುಲಭವಾಗಿ ಒಪ್ಪುತ್ತದೆ. ಸಂವಿಧಾನದ 74ನೆಯ ವಿಧಿಗೆ 1978ರ ತಿದ್ದುಪಡಿ ಸೇರಿಸಿದ ಷರತ್ತಿನಲ್ಲಿ, ರಾಷ್ಟ್ರಪತಿ ಸಲಹೆಯನ್ನು ಮರುಪರಿಶೀಲಿಸುವಂತೆ ಮಂತ್ರಿಮಂಡಲವನ್ನು ಕೇಳಬಹುದು ಎಂಬ ಕಡೆ, ‘ರಿಕ್ವೈರ್’ ಆದಮೇಲೆ ‘ಟು’ ಬಂದಿದೆ. ಇವುಗಳಲ್ಲಿ ಯಾವುದಕ್ಕೂ ಆಳವಾದ ತರ್ಕ ಹುಡುಕಬೇಕಾಗಿಲ್ಲ. ಒಂದೊಂದು ಕ್ರಿಯಾಪದಕ್ಕೂ ತನ್ನದೇ ರೂಢಿಯಿದೆ, ಅದನ್ನು ನಿಘಂಟು ನೋಡಿಯೇ ತಿಳಿಯಬೇಕು.

ಕಾಲದ ವಿಷಯದಲ್ಲಿ ಮಾತ್ರ ತರಗತಿಯ ಇನ್ನೊಂದು ಗಟ್ಟಿ ನಿಯಮ ಅಡ್ಡ ಬರುತ್ತದೆ. ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದರೆ ಅದರ ಅಡಿಯಲ್ಲಿ ಬರುವುದನ್ನೂ ಭೂತಕ್ಕೆ ತಿರುಗಿಸಿ ಎಂದು ಪರೋಕ್ಷ ಕಥನದ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ‘ರೆಕಮೆಂಡೆಡ್ ದಟ್ ಶಿ ಟುಕ್ ರೆಸ್ಟ್’ ಎಂದು ಬರೆದು ಜಾಣರಾದೆವೆಂದುಕೊಳ್ಳುತ್ತಾರೆ. ಬ್ರಿಟನ್ನಿನ ಆಡುಮಾತಿನಲ್ಲಿ ಇದು ಕಿವಿಗೆ ಬೀಳುವುದುಂಟು, ಆದರೆ ನಿಯಮವನ್ನು ಇಲ್ಲಿ ಅನ್ವಯಿಸುವುದಕ್ಕೆ ಕಾರಣವೇ ಇಲ್ಲ. ಆ ನಿಯಮ ನಡೆದ ಸಂಗತಿಗಳ ವರದಿಗೆ ಹುಟ್ಟಿದ್ದು. ಶಿಫಾರಸಾದ ಕೆಲಸ ಆ ಹೊತ್ತಿಗೆ ನಡೆದಿರಲಿಲ್ಲ; ಆಮೇಲೂ ನಡೆಯದೆ ಹೋಗಿರಬಹುದು. ‘ಅಮಾನತುಗೊಳಿಸುವಂತೆ ಶಿಫಾರಸು ಮಾಡಿತ್ತು’ ಎಂದು ಬರೆಯುವಾಗ ಕನ್ನಡದ ವರದಿಗಾರ ಮೊದಲ ಪದವನ್ನು ಭೂತಕ್ಕೆ ತಿರುಗಿಸುತ್ತಾನೆಯೇ?

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನಿಷೇಧದಲ್ಲಿ. ‘ದಿ ಡಾಕ್ಟರ್ ರೆಕಮೆಂಡೆಡ್ ದಟ್ ಹಿ ನಾಟ್ ಟ್ರಾವೆಲ್’ ಎಂಬ ವಾಕ್ಯ ಸರಿಯಾದದ್ದು. ‘ಡಸ್ ನಾಟ್’ ಅಲ್ಲ, ‘ಡಿಡ್ ನಾಟ್’ ಅಲ್ಲ, ಬರೀ ‘ನಾಟ್’. ‘ಬಿ’ ಇದ್ದರೆ ‘ನಾಟ್’ ಅದರ ಮುಂಚೆ ಬರುತ್ತದೆ: ‘ದಟ್ ದಿ ಪೇಷಂಟ್ ನಾಟ್ ಬಿ ಮೂವ್ಡ್’. ಇದು ಕನ್ನಡಿಗರ ಕಿವಿಗಷ್ಟೇ ಅಲ್ಲ, ಇಂಗ್ಲೆಂಡಿನವರ ಕಿವಿಗೂ ಒರಟೆನಿಸುತ್ತದೆ; ಹಾಗೆನಿಸಿದವರು ‘ಶುಡ್ ನಾಟ್’ ಬರೆಯಲಿ. ಆದರೆ ಒರಟುತನಕ್ಕೆ ಹೆದರಿ ‘ನಾಟ್’ ಅನ್ನು ಹಿಂದಕ್ಕೆ ಎಳೆದು ‘ಡಿಡ್ ನಾಟ್ ರೆಕಮೆಂಡ್ ದಟ್ ಹಿ ಟ್ರಾವೆಲ್’ ಎಂದು ಬರೆಯುವುದು ಬೇರೆಯೇ ಸಂಗತಿ ಹೇಳುತ್ತದೆ. ಪ್ರಯಾಣ ಮಾಡದಂತೆ ಸಲಹೆ ಕೊಡುವುದಕ್ಕೂ ಪ್ರಯಾಣ ಮಾಡುವಂತೆ ಸಲಹೆ ಕೊಡದಿರುವುದಕ್ಕೂ ಕನ್ನಡದಲ್ಲಿ ಇರುವಷ್ಟೇ ಅಂತರ ಇಂಗ್ಲಿಷಿನಲ್ಲೂ ಇದೆ. ಮೊದಲನೆಯದರಲ್ಲಿ ಡಾಕ್ಟರು ಬೇಡವೆಂದಿದ್ದಾರೆ. ಎರಡನೆಯದರಲ್ಲಿ ಅವರು ಸುಮ್ಮನಿದ್ದಿರಲೂಬಹುದು. ರೋಗಿಯನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದಕ್ಕೆ ವಿಮೆಯ ಹಣ ಕೇಳುವಾಗ, ‘ರೆಕಮೆಂಡೆಡ್ ದಟ್ ದಿ ಪೇಷಂಟ್ ನಾಟ್ ಬಿ ಡಿಸ್ಚಾರ್ಜ್ಡ್’ ಎಂಬ ಡಿಸ್ಚಾರ್ಜ್ ಸಾರಾಂಶದ ಸಾಲು ಇನ್ನೂ ಎರಡು ದಿನದ ಖರ್ಚಿಗೆ ಆಧಾರವಾಗುತ್ತದೆ. ‘ಡಿಡ್ ನಾಟ್ ರೆಕಮೆಂಡ್ ಡಿಸ್ಚಾರ್ಜ್’ ಎಂದಿದ್ದರೆ ಆ ಎರಡು ದಿನ ರೋಗಿ ತಾನಾಗಿ ಉಳಿದನೋ ಡಾಕ್ಟರು ಉಳಿಸಿಕೊಂಡರೋ ಎಂದು ವಿಮಾ ಕಂಪನಿ ಪತ್ರ ಬರೆದು ಕೇಳಬಹುದು.